ಕರು ಯಾರದು

ಅಕ್ಕಾ,

ಈ ಕಾಗದ ನಿನಗೆ ಕಳಿಸುವುದಿಲ್ಲ. ದೇವರ ಮುಂದೆ ಹೇಳಿಕೊಂಡರೂ ಹೊಟ್ಟೆಯುರಿ ಆರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಂಬೆಗಾಲಿಡುವಾಗ ನನ್ನ ಮಡಿಲಿಗೆ ಹಾಕಿ ನೀನು ದೂರದ ಕೆಲಸಕ್ಕೆ ಹೋದೆಯಲ್ಲ, ಆ ನಿನ್ನ ಮಗಳು ಇವತ್ತು ಅಡುಗೆಮನೆಯಲ್ಲಿ ಕೂತು ಕಾನೂನು ಪರೀಕ್ಷೆಗೆ ಓದುತ್ತಿದ್ದಳು. ನಾನು ಪಾತ್ರೆ ಉಜ್ಜುತ್ತಿದ್ದೆ. ಅವಳು ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಳು: ಒಬ್ಬ ತನ್ನ ಹಸುವನ್ನು ನೆರೆಯವನ ಬಳಿ ಬಿಟ್ಟು ಪರವೂರಿಗೆ ಹೋದ. ನೆರೆಯವನ ಮನೆಯಲ್ಲೇ ಹಸು ಕರು ಹಾಕಿತು. ಒಡೆಯ ಈಗ ತಿರುಗಿ ಬಂದಿದ್ದಾನೆ. ಕರು ಯಾರದು?

"ಸಾಕಿದವನದು, ಇನ್ಯಾರದು!" ಅಂದೆ.

ನಕ್ಕಳು. "ನೀನು ನೇರ ತೀರ್ಪಿಗೇ ಹಾರಿಬಿಟ್ಟೆ, ಚಿಕ್ಕಮ್ಮ. ಮೊದಲು ತಕರಾರು ಏನು ಅಂತ ಬರೀಬೇಕು. ಆಮೇಲೆ ಕಾನೂನು ಏನು ಹೇಳುತ್ತೆ, ಅದು ಈ ಹಸು ವಿಷಯಕ್ಕೆ ಹೇಗೆ ಹೊಂದುತ್ತೆ. ತೀರ್ಪು ಕೊನೇಲಿ."

"ಸರಿ ಮಾರಾಯ್ತಿ, ಕೊನೇದನ್ನೇ ಹೇಳು."

"ಕರು ಹಸುವಿನ ಒಡೆಯನದು. ಸಾಕಿದವನು ಮೇವಿನ ಖರ್ಚು ಕೇಳಬಹುದು."

"ಮೇವಿನ ಖರ್ಚು ಯಾರಿಗೆ ಬೇಕೇ? ಕರುವಿಗೆ ಜ್ವರ ಬಂದಾಗ ಅವನು ನಿದ್ದೆಗೆಟ್ಟಿದ್ದನ್ನೂ ಬರಿ."

"ಪ್ರಶ್ನೇಲಿ ಇಲ್ಲದ್ದನ್ನ ಬರೆದರೆ ಅಂಕ ಹೋಗುತ್ತೆ."

ಅಷ್ಟರಲ್ಲಿ ನಿನ್ನ ಫೋನು ಬಂತು. "ಅಮ್ಮಾ" ಅನ್ನುತ್ತ ಹೊರಗೆ ಓಡಿದಳು. ನನ್ನನ್ನು ಅವಳು ಅಷ್ಟು ಎಳೆದು ಎಂದೂ ಕರೆದವಳಲ್ಲ.

ಪರೀಕ್ಷೆ ಮುಗಿದ ಮೇಲೆ ಅವಳನ್ನು ಕರೆದುಕೊಂಡು ಹೋಗಲು ಬರುತ್ತೀಯಂತೆ. ಬಾ. ಅವಳ ಬಟ್ಟೆಗಳನ್ನು ಮಡಿಸಿ ಇಟ್ಟಿರುತ್ತೇನೆ. ಮೇವಿನ ಖರ್ಚಿನ ಮಾತು ಮಾತ್ರ ಎತ್ತಬೇಡ.