ತೊಟ್ಟಿಲಿಗೊಂದು ಸೀರೆ

ಆಳಂದ, ರವಿವಾರ

ಜೇವರ್ಗಿಯ ಗುರಮ್ಮಕ್ಕನಿಗೆ ನಿಮ್ಮ ನೆಗೆಣ್ಣಿ ಸುವರ್ಣಾಳ ಶರಣು.

ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಓಂಕಾರ ಬಾಗಿಲಿಗೆ ಓಡುತ್ತಾನೆ. ಅದಕ್ಕೇ ಇದನ್ನು ಬರೆದು ನಿಮ್ಮ ಮೈದುನನ ಕೈಯಲ್ಲಿ ಕಳಿಸುತ್ತಿದ್ದೇನೆ.

ನನ್ನ ಆಸ್ಪತ್ರೆ ಡ್ಯೂಟಿಯ ಸಲುವಾಗಿ ಒಂದು ವರ್ಷ ನನ್ನ ಮಗನನ್ನು ನೀವು ನೋಡಿಕೊಂಡಿರಿ. ಬಹಳ ಉಪಕಾರವಾಯಿತು. ಈಗ ಅವನು ನಮ್ಮ ಹತ್ತಿರವೇ ಇದ್ದಾನೆ, ಚೆನ್ನಾಗಿ ಉಣ್ಣುತ್ತಾನೆ. ಮಲಗುವುದೊಂದೇ ಆಗುತ್ತಿಲ್ಲ. ಸಾಗವಾನಿಯ ತೊಟ್ಟಿಲು ತಂದೆವು. ಮಲಗಿಸಿದ ಕೂಡಲೇ ಕಂಬಿ ಹತ್ತಿ ಇಳಿಯುತ್ತಾನೆ. ನಿನ್ನೆ ಬಿದ್ದು ಹಣೆ ಬಾತಿದೆ. ಮತ್ತೆ ಮಲಗಿಸಿ ಬೆನ್ನು ತಟ್ಟಿದೆ, ನೀವು ಹಾಡುವ ಜೋಗುಳವನ್ನೇ ಹಾಡಿದೆ. ಅರ್ಧಕ್ಕೇ ನನ್ನ ಬಾಯಿಗೆ ಕೈ ಅಡ್ಡ ಇಟ್ಟ.

ನೀವು ಸೀರೆಯಲ್ಲಿ ಕಟ್ಟಿದ ಜೋಳಿಗೆಯಲ್ಲಿ ಹಾಕಿದ ಕೂಡಲೇ ಮಲಗುತ್ತಿದ್ದನಂತೆ. ಇದನ್ನು ನೀವು ಓಣಿಯವರಿಗೆಲ್ಲ ಹೇಳಿದ್ದು ನನಗೆ ಗೊತ್ತಿದೆ. ಇರಲಿ.

ಅಲ್ಲಿಂದ ಅತ್ತೆ ಮೊನ್ನೆ ಫೋನಿನಲ್ಲಿ, "ತಾಯಿ ಉಟ್ಟ ಸೀರಿ ತೊಟ್ಟಲದಾಗ ಹಾಸು, ಆ ವಾಸನಿಗೆ ಕೂಸು ಏಳಂಗಿಲ್ಲ" ಅಂದರು. ನನ್ನ ಸೀರೆ ಹಾಸಿದೆ. ಮೂಸಿ ನೋಡಿ ಹೊರಗೆ ಎಸೆದ.

ಆದ್ದರಿಂದ ನಿಮ್ಮದೊಂದು ಸೀರೆ ಬೇಕು. ಆ ಹಸಿರು ಇಳಕಲ್ ಆದರೆ ಒಳ್ಳೆಯದು. ಅತ್ತೆ ಕೇಳಿದರೆ ಕೌದಿ ಹೊಲಿಯುವುದಕ್ಕೆ ಅಂತ ಹೇಳಿ. ನೀವು ಬರುವ ತ್ರಾಸು ತೆಗೆದುಕೊಳ್ಳಬೇಡಿ, ಸೀರೆಯಷ್ಟೇ ಸಾಕು.

ಅಕ್ಕಾ, ಒಗೆಯಬೇಡಿ. ಉಟ್ಟದ್ದನ್ನು ಹಾಗೆಯೇ ಕಳಿಸಿ.

ಇಂತಿ,
ಓಂಕಾರನ ತಾಯಿ
ಸುವರ್ಣಾ