ಅರ್ಧ ಕ್ಷೌರದ ಮನುಷ್ಯ

ಯೂನಿವರ್ಸಿಟಿ ಸಿಟಿ, ಸ್ಯಾನ್ ಡಿಯೇಗೊ
೯ ಸೆಪ್ಟೆಂಬರ್ ೧೯೮೪, ಭಾನುವಾರ

ನನ್ನ ಗುರುಬಸವ್ವಾ,

ನಿನಗೂ, ಬಾಣಂತಿ ಮಗಳು ಶಾರದವ್ವಗೂ, ನಾನಿನ್ನೂ ಮುಖ ನೋಡದ ಮೊಮ್ಮಗನಿಗೂ ಈ ಮುದುಕನ ಶರಣು. ನಿನ್ನ ಮೊಣಕಾಲು ಹೇಗಿದೆ? ಹುಬ್ಬಳ್ಳಿ ಮನೆಯ ಮೆಟ್ಟಿಲು ಎತ್ತರ, ದಿನಕ್ಕೆರಡು ಸಲಕ್ಕಿಂತ ಹೆಚ್ಚು ಹತ್ತಬೇಡ ಎಂದು ಹೇಳಿ ಕಳಿಸಿದ್ದೆ. ನೀನು ಇಪ್ಪತ್ತು ಸಲ ಹತ್ತಿ ಇಳಿಯುತ್ತೀ, ಗೊತ್ತು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಕೆಲಸವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲವಂತೆ, ಶಾರದವ್ವ ಬರೆದಿದ್ದಾಳೆ. ಇಲ್ಲಿ ಎಲ್ಲರೂ ಜೀವಂತ ಇದ್ದೇವೆ. 'ಆರಾಮ ಇದ್ದೇವೆ' ಎಂದು ಬರೆಯಲು ಕೈ ಬರಲಿಲ್ಲ. ನನ್ನ ಎಡ ಭುಜದ ಎಲುಬು ಮುರಿದಿದೆ, ಹಣೆಗೆ ಏಳು ಹೊಲಿಗೆ ಬಿದ್ದಿದೆ. ಫ್ರಾನ್ಸಿನಲ್ಲಿ ಅಪ್ಪ ಮೆಟ್ಟಿಲು ಜಾರಿ ಬಿದ್ದರು ಎಂದು ವೀರಣ್ಣ ನಿನಗೆ ಫೋನಿನಲ್ಲಿ ಹೇಳಿದ. ನಾನು ಬೀಳಲಿಲ್ಲ. ನನಗೆ ಹೊಡೆದರು. ಯಾಕೆ ಹೊಡೆದರು ಎಂಬುದನ್ನು ಮಗನ ಬಾಯಿಂದಲ್ಲ, ನನ್ನ ಅಕ್ಷರದಲ್ಲೇ ನೀನು ತಿಳಿಯಬೇಕು. ಕೂಸು ಮಲಗಿದಾಗ ಓದು. ಶಾರದವ್ವಗೆ ಓದಿ ಹೇಳಬೇಡ, ಹಸಿ ಬಾಣಂತಿ.

ಆ ಪ್ರವಾಸ ನನಗೆ ಬೇಡವಾಗಿತ್ತು, ನಿನಗೆ ಗೊತ್ತಿದೆ. ನೀನು ಜೂನ್ ತಿಂಗಳಲ್ಲಿ ಹೊರಡುವ ಮೊದಲೇ ವೀರಣ್ಣ ಹಟ ಹಿಡಿದಿದ್ದ. ನಲವತ್ತು ವರ್ಷವಾಯಿತಪ್ಪಾ, ನೀವು ಇದ್ದ ಸಮುದ್ರದ ಊರನ್ನು ನಿಮ್ಮ ಮೊಮ್ಮಗಳು ನಿರುಪಮಾ ನೋಡಲಿ, ಸ್ಕೂಲಿನಲ್ಲಿ ಫ್ರೆಂಚ್ ಕಲಿತಿದ್ದಾಳೆ, ಗೈಡ್ ಕೂಡ ಬೇಕಾಗಿಲ್ಲ ಎಂದ. ಆಗಸ್ಟ್ ಹದಿನೈದರಂದು ಇಲ್ಲಿನ ಕನ್ನಡದವರೆಲ್ಲ ಪಾರ್ಕಿನಲ್ಲಿ ಸೇರಿ ಬಾವುಟ ಹಾರಿಸಿದರು. ಪ್ರತಿ ವರ್ಷದಂತೆ ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, ಸ್ವಾತಂತ್ರ್ಯಕ್ಕಾಗಿ ಜರ್ಮನಿಗೆ ಹೋಗಿ ಬಂದೂಕು ಹಿಡಿದವರು ಎಂದು ವೀರಣ್ಣನೇ ಭಾಷಣ ಮಾಡಿದ, ಮಾಲೆಯನ್ನೂ ಅವನೇ ಹಾಕಿದ. ಕೊರಳಲ್ಲಿ ಮಾಲೆ ಇಟ್ಟುಕೊಂಡು ಮಗನಿಗೆ ಇಲ್ಲ ಅನ್ನುವುದು ನನ್ನಿಂದ ಆಗಲಿಲ್ಲ. ಇಪ್ಪತ್ತನೇ ತಾರೀಖು ಲಾಸ್ ಏಂಜಲೀಸಿನಿಂದ ವಿಮಾನ ಹತ್ತಿದೆವು. ಒಲಿಂಪಿಕ್ಸ್ ಮುಗಿದು ವಾರವಾಗಿತ್ತು, ಏರ್‌ಪೋರ್ಟಿನಲ್ಲಿ ಇನ್ನೂ ಬಣ್ಣಬಣ್ಣದ ಬಟ್ಟೆ ತೂಗುತ್ತಿದ್ದವು.

ಊರಿನ ಹೆಸರು ಸಾಂ-ಮೊರೆಲ್. ಹೋದ ದಿನ ಅವರೆಲ್ಲ ಎಷ್ಟು ಸಂತೋಷವಾಗಿದ್ದರು ಎಂದರೆ ನಾನೂ ಸ್ವಲ್ಪ ಮರೆತೆ. ಇನ್ನೂರ ಮೂವತ್ತು ಮೆಟ್ಟಿಲಿನ ಹಳೆಯ ದೀಪಸ್ತಂಭವನ್ನು ನಿರುಪಮಾ ಓಡುತ್ತಲೇ ಹತ್ತಿದಳು. ಅಲ್ಲಿನ ಇಗರ್ಜಿಯ ಛಾವಣಿಯಿಂದ ಕಟ್ಟಿಗೆಯ ಪುಟ್ಟ ಹಡಗೊಂದನ್ನು ತೂಗುಬಿಟ್ಟಿದ್ದಾರೆ, ಬಿರುಗಾಳಿಯಲ್ಲಿ ಬದುಕಿ ಬಂದ ನಾವಿಕರ ಹರಕೆಯಂತೆ. ಯಾವುದೋ ರಾಜ ಕಟ್ಟಿಸಿದ ಕೋಟೆ ನೋಡಿದೆವು. ಎಲ್ಲ ಹೋಟೆಲಿನಲ್ಲೂ ಸಮುದ್ರದ ಸಿಂಪಿಯ ಮಾಂಸವನ್ನು ಹಸಿಯಾಗಿಯೇ ತಿನ್ನುತ್ತಾರೆ, ಸೊಸೆ ಜಯಾ ಮುಖ ತಿರುಗಿಸಿ ಕೂತಳು. ನಮಗೆ ಬ್ರೆಡ್ಡು, ಹಣ್ಣು. ಸಂಜೆ ಮರಳದಿಬ್ಬಗಳಿಗೆ ಹೋದೆವು. ಜರ್ಮನರು ಕಟ್ಟಿಸಿದ ಕಾಂಕ್ರೀಟಿನ ಕೋಣೆಗಳು ಮರಳಿನಲ್ಲಿ ವಾಲಿ ನಿಂತಿವೆ, ಮಕ್ಕಳು ಅವುಗಳ ಮೇಲೆ ಜಾರುಬಂಡಿ ಆಡುತ್ತಾರೆ. ಆ ಗೋಡೆಗಳಿಗೆ ಸಿಮೆಂಟು ಹೊತ್ತ ಲಾರಿ ನನ್ನದು ಎಂದೆ. ವೀರಣ್ಣ ನನ್ನನ್ನು ಗೋಡೆಗೆ ಒರಗಿಸಿ ಆರು ಫೋಟೋ ತೆಗೆದ.

ಮರುದಿನ, ಶುಕ್ರವಾರ, ಸಂತೆ ಚೌಕಕ್ಕೆ ಹೋದೆವು. ಊರು ಬಿಡುಗಡೆಯಾಗಿ ನಲವತ್ತು ವರ್ಷವೆಂದು ಅಲ್ಲಿಯ ಹಳೆಯ ಹಾಲಿನಲ್ಲಿ ಪ್ರದರ್ಶನ ಇಟ್ಟಿದ್ದರು. ಒಳಗೆ ಗಾಸ್ತೋಂ ಎಂಬ ಎಪ್ಪತ್ತು ದಾಟಿದ ಮುದುಕ, ಊರಿನ ಹಳೆಯ ನಾವಿದ, ಬೆತ್ತ ಹಿಡಿದು ಕೂತು ಬಂದವರಿಗೆ ಕಥೆ ಹೇಳುತ್ತಿದ್ದ. ಅವನ ಹಿಂದೆ ಗೋಡೆಯ ಮೇಲೆ ಒಂದೇ ಒಂದು ದೊಡ್ಡ ಫೋಟೋ. ನಾನು ಆ ಮುಖವನ್ನು ನೋಡಿದೆ, ಗುರುಬಸವ್ವಾ, ಗುರುತು ಹಿಡಿದೆ. ಇವನ ಹೆಸರು ಲುಸಿಯೆಂ, ಬೀಚಿನಲ್ಲಿ ಕುರ್ಚಿ ಬಾಡಿಗೆಗೆ ಕೊಡುತ್ತಿದ್ದವನು ಎಂದು ನಾವಿದ ಹೇಳುತ್ತಿದ್ದುದನ್ನು ನಿರುಪಮಾ ಇಂಗ್ಲಿಷಿನಲ್ಲಿ ನಮಗೆ ಹೇಳುತ್ತ ಹೋದಳು. ನಾವಿದನ ಮಾತು ಹೀಗಿತ್ತು: ಆ ದಿನ ಅವನಿಗೆ ಒಂದು ಕೆನ್ನೆಯ ಕ್ಷೌರ ಮುಗಿಸಿದ್ದೆ, ಹೊರಗೆ ಗುಂಡಿನ ಸದ್ದಾಯಿತು, ಕೂಡು ಇನ್ನೊಂದು ಕೆನ್ನೆ ಮುಗಿಸುತ್ತೇನೆ ಎಂದೆ, ಕೇಳದೆ ಎದ್ದು ಬಾಗಿಲು ತೆರೆದ. ಜರ್ಮನ್ ಸಮವಸ್ತ್ರದ ಹಿಂದೂ ಸೈನಿಕನೊಬ್ಬ, ಅಂದರೆ ಹಿಂದುಸ್ತಾನದವನೊಬ್ಬ, ಅವನನ್ನು ಕೊಂದ. ಮೂರನೇ ಗುಂಡನ್ನು ಸತ್ತ ಹೆಣಕ್ಕೆ ಹೊಡೆದ. ಇಷ್ಟು ಹೇಳಿ ನಿರುಪಮಾ ನನ್ನ ಕಡೆ ನೋಡಲಿಲ್ಲ.

ಈಗ ನಾನು ಹೇಳುತ್ತೇನೆ ಕೇಳು. ೧೯೪೪ರ ಆಗಸ್ಟ್ ತಿಂಗಳು, ಬೆಳಗಿನ ಹತ್ತು ಗಂಟೆ. ಕರಾವಳಿ ಬಿಟ್ಟು ಹೊರಡಬೇಕೆಂದು ನಮಗೆ ಆಜ್ಞೆಯಾಗಿತ್ತು. ಲಾರಿ ನಡೆಸುತ್ತಿದ್ದವನು ನಾನು, ಪಕ್ಕದಲ್ಲಿ ನವಲಗುಂದದ ಶೇಖಪ್ಪ. ಬ್ರಿಟಿಷರ ಸೈನ್ಯದಲ್ಲಿದ್ದಾಗ ಲಿಬಿಯಾದ ಮರಳಿನಲ್ಲಿ ಇಬ್ಬರೂ ಒಂದೇ ದಿನ ಜರ್ಮನರಿಗೆ ಸೆರೆಸಿಕ್ಕು, ಆಮೇಲೆ ಅವರ ಕಡೆಯ ಭಾರತೀಯ ಪಡೆ ಸೇರಿದವರು, ಒಂದೇ ಕಂಬಳಿಯಲ್ಲಿ ಚಳಿಗಾಲ ಕಳೆದವರು. ಆ ಇಡೀ ಪಡೆಯಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದ ಒಂದೇ ಒಂದು ಬಾಯಿ ಅವನದು. ಚೌಕಕ್ಕೆ ಬರುತ್ತಿದ್ದಂತೆ ಎಲ್ಲೋ ಮೇಲಿನಿಂದ ಒಂದು ಗುಂಡು ಗಾಜು ಒಡೆದು ಬಂದು ಅವನ ಗಂಟಲಿಗೆ ನಾಟಿತು. ಬಾಯಿಂದ ಮಾತು ಬರಲಿಲ್ಲ, ಗಂಟಲಿನ ತೂತಿನಿಂದ ಗಾಳಿ ಬಂತು. ನನ್ನ ಮುಖ, ಬಾಯಿ, ಸ್ಟೇರಿಂಗು ಎಲ್ಲ ಅವನ ರಕ್ತ. ನನ್ನ ತೊಡೆ ಹಿಡಿದವನು ಹಿಡಿದ ಹಾಗೆಯೇ ಸತ್ತ. ಅವನ ಬೆರಳುಗಳನ್ನು ಬಿಡಿಸಿ, ಬಂದೂಕು ತೆಗೆದುಕೊಂಡು ಇಳಿದೆ. ಚೌಕದಲ್ಲಿ ನರಪಿಳ್ಳೆ ಇರಲಿಲ್ಲ. ಆಗ ಕ್ಷೌರದಂಗಡಿಯ ಬಾಗಿಲು ತೆರೆಯಿತು. ಕೊರಳಿಗೆ ಬಿಳಿ ಬಟ್ಟೆ, ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ಸೋಪಿನ ನೊರೆ. ಅವನು ಎರಡೂ ಕೈ ಎತ್ತಿದ. ಅವನನ್ನು ನಾನು ಬಲ್ಲೆ. ಒಮ್ಮೆ ಮರಳಿನಲ್ಲಿ ಹೂತ ನನ್ನ ಲಾರಿಗೆ ಹೆಗಲು ಕೊಟ್ಟು ನೂಕಿದವನು. ಅವನ ಕೈಯಲ್ಲಿ ಏನೂ ಇಲ್ಲ ಎಂಬುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹೊಟ್ಟೆಗೆ ಹೊಡೆದೆ. ಕೈ ಎತ್ತಿಕೊಂಡೇ ಕೆಳಗೆ ಕೂತ. ಎದೆಗೆ ಹೊಡೆದೆ. ಅಂಗಾತ ಬಿದ್ದ ಮೇಲೆ ಹತ್ತಿರ ಹೋಗಿ ಮುಖಕ್ಕೆ ಹೊಡೆದೆ. ಅದಕ್ಕೆ ಕಾರಣವೇ ಇಲ್ಲ. ನಾವಿದ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನಮ್ಮ ಮದುವೆಯಾದ ವಾರ ನೀನು ಕೇಳಿದ್ದೆ, ಲಡಾಯಿಯಲ್ಲಿ ಯಾರನ್ನಾದರೂ ಕೊಂದಿದ್ದೀರಾ ಎಂದು. ಇಲ್ಲ, ನಾನು ಬರೇ ಡ್ರೈವರ್ ಎಂದೆ. ನೀನು ನಿಟ್ಟುಸಿರು ಬಿಟ್ಟು ದೀಪ ಹಚ್ಚಲು ಹೋದೆ. ಆ ನಿಟ್ಟುಸಿರಿನ ಮೇಲೆ ಮೂವತ್ತೇಳು ವರ್ಷ ಸಂಸಾರ ಮಾಡಿದ್ದೇನೆ.

ಹಾಲಿನಲ್ಲಿ ನಾನು ಸುಮ್ಮನೆ ಹೊರಗೆ ಬರಬಹುದಿತ್ತು. ಜನ ಆಗಲೇ ಮುಂದಿನ ಚಿತ್ರದ ಕಡೆಗೆ ಸರಿಯುತ್ತಿದ್ದರು. ಆದರೆ ಆ ಮುದುಕ ದಿನಕ್ಕೆ ಹತ್ತು ಸಲ ಅದನ್ನು ಹೇಳುತ್ತ ಕೂತಿದ್ದಾನೆ, ನಾನು ಒಂದು ಸಲವೂ ಹೇಳಿಲ್ಲ. "ನಿರು, ಅವರಿಗೆ ಹೇಳವಾ. ಆ ಸೈನಿಕ ನಾನು" ಎಂದೆ. ಅವಳು, "ಅಜ್ಜಾ, ನೋ" ಎಂದಳು, ಬಾಯಿ ಮುಚ್ಚಿಕೊಂಡಳು. ಆಮೇಲೆ ನಾನೇ ಮುದುಕನ ಮುಂದೆ ಹೋಗಿ ನಿಂತೆ. ಆ ಭಾಷೆಯ ನಾಲ್ಕೈದು ಶಬ್ದ ಮಾತ್ರ ನನ್ನಲ್ಲಿ ಉಳಿದಿವೆ. ಫೋಟೋ ತೋರಿಸಿದೆ, ಮೂರು ಬೆರಳು ತೋರಿಸಿದೆ, ಎದೆ ಮುಟ್ಟಿಕೊಂಡು 'ಮ್ವಾ' ಎಂದೆ. ನಾನು ಎಂದು ಅದರ ಅರ್ಥ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ, ಕ್ಷೌರಕ್ಕೆ ಕೂತವನ ಮುಖ ನೋಡುವಂತೆ. ಆಮೇಲೆ ಬೆತ್ತ ಎತ್ತಿದ. ಮೊದಲ ಏಟಿಗೆ ಹಣೆ ಒಡೆಯಿತು, ಎರಡನೆಯದಕ್ಕೆ ಭುಜದ ಎಲುಬು ಲಟ್ಟೆಂದದ್ದು ನನಗೇ ಕೇಳಿಸಿತು. ನಾನು ಕೈ ಅಡ್ಡ ಹಿಡಿಯಲಿಲ್ಲ. ಅಷ್ಟರಲ್ಲಿ ವೀರಣ್ಣ ಹಾರಿ ಬಂದು ಮುದುಕನನ್ನು ಕಲ್ಲು ನೆಲಕ್ಕೆ ಕೆಡವಿ, ಎದೆಯ ಮೇಲೆ ಕೂತು ಮುಖಕ್ಕೆ ಗುದ್ದತೊಡಗಿದ. ಮುದುಕನ ಕಟ್ಟಿಸಿಕೊಂಡ ಹಲ್ಲು ಮುರಿದು ಬಾಯಿಂದ ರಕ್ತದ ಜೊತೆ ಬಂತು. ನಮ್ಮ ವೀರಣ್ಣ, ಇರುವೆಯನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡುವವನು! ಒಂದೇ ಕೈಯಲ್ಲಿ ಅವನ ಕೂದಲು ಹಿಡಿದು ಎಳೆದೆ. "ಬಿಡು ಅವರನ್ನ. ಅವರು ಹೊಡಿಯೂದು ಸರಿ ಐತಿ" ಎಂದೆ.

ಪೊಲೀಸರು ಬಂದರು. ಹುಚ್ಚು ಮುದುಕ ಕಾರಣವಿಲ್ಲದೆ ಹೊಡೆದ ಎಂದು ಬರೆಸು ಅಂತ ವೀರಣ್ಣ ಮಗಳಿಗೆ ಹೇಳಿದ. ಅವಳು ನನ್ನನ್ನು ನೋಡಿದಳು. ನಡೆದದ್ದನ್ನೇ ಬರೆಸು ಎಂದು, ಶೇಖಪ್ಪನ ಸಾವಿನಿಂದ ಹಿಡಿದು ಎಲ್ಲವನ್ನೂ ಅವಳಿಗೆ ಹೇಳಿದೆ. ಹದಿನೈದು ವರ್ಷದ ಹುಡುಗಿ ಕ್ಲಾಸಿನಲ್ಲಿ ಪಾಠ ಓದುವ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಅಧಿಕಾರಿ ಅರ್ಧಕ್ಕೆ ಪೆನ್ನು ಕೆಳಗಿಟ್ಟು ಅವಳಿಗೆ ನೀರು ತರಿಸಿಕೊಟ್ಟ. ಬಹಳ ವರ್ಷವಾಗಿದೆ, ಕಾನೂನಿನ ಅವಧಿ ಮುಗಿದಿದೆ ಎಂದು ನನ್ನ ಹೆಸರು, ವಿಳಾಸ, ಸಹಿ ತೆಗೆದುಕೊಂಡು ಬಿಟ್ಟರು. ನಾವಿದನೂ ವೀರಣ್ಣನ ಮೇಲೆ ದೂರು ಕೊಡಲಿಲ್ಲ. ಶಿಕ್ಷೆ ಇಲ್ಲ ಎಂದು ಕೇಳಿದಾಗ ನನಗೆ ಹಗುರವಾಗಲಿಲ್ಲ, ನಾಚಿಕೆಯಾಯಿತು.

ವಾಪಸ್ ಬಂದು ಲಾಸ್ ಏಂಜಲೀಸಿನಲ್ಲಿ ಇಳಿದೆವು. ಅಲ್ಲಿಂದ ಮನೆಗೆ ಎರಡೂವರೆ ಗಂಟೆ ಡ್ರೈವ್. ಸ್ಯಾನ್ ಕ್ಲೆಮೆಂಟೆ ದಾಟಿ ಸಮುದ್ರ ಕಾಣತೊಡಗಿದಾಗ ವೀರಣ್ಣ ಕಾರನ್ನು ಫ್ರೀವೇಯ ಅಂಚಿಗೆ ಎಳೆದು ನಿಲ್ಲಿಸಿದ. ನನ್ನ ಕಡೆಯ ಬಾಗಿಲು ತೆರೆದು, ಮುರಿದ ಭುಜ ಎಂಬುದನ್ನೂ ನೋಡದೆ ಅಂಗಿ ಹಿಡಿದು ಹೊರಗೆ ಎಳೆದ. ಕಾರಿಗೆ ಒತ್ತಿ ಹಿಡಿದು, "ಸಾಲ್ಯಾಗ ಇದ್ದಾಗಿಂದ ನಿಮ್ಮ ಮ್ಯಾಲ ಭಾಷಣಾ ಮಾಡೀನಿ. ಹತ್ತು ದಿನದ ಹಿಂದ ಮಾಲಿ ಹಾಕೀನಿ. ಆಗರ ಹೇಳಬೇಕಿತ್ತಿಲ್ಲೋ?" ಎಂದ. ಎಳೆದು ಒಂದು ಬಿಟ್ಟ, ಕಿವಿಯ ಮೇಲೆ. ಮಗ ತಂದೆಗೆ ಹೊಡೆದದ್ದನ್ನು ತಾಯಿಗೆ ಬರೆಯಬಾರದು, ಆದರೆ ಈ ಪತ್ರದಲ್ಲಿ ಏನನ್ನೂ ಮುಚ್ಚಿಡುವುದಿಲ್ಲ ಎಂದು ಕೂತಿದ್ದೇನೆ. ನೀನು ಅವನನ್ನು ಬೈಯಬೇಡ. ಲಾರಿಗಳು ಒಂದರ ಹಿಂದೊಂದು ಭೋರೆಂದು ಹೋಗುತ್ತಿದ್ದವು. ಜಯಾ ಇಳಿದು ಬಂದು ನಡುವೆ ನಿಂತು, "ಅವರ ಮೂಳೆ ಮುರಿದಿದೆ ಕಣ್ರೀ, ಬಿಡಿ" ಎಂದಳು, ಅಷ್ಟೇ. ಅವನು ನಡೆದುಹೋಗಿ ತಂತಿಬೇಲಿ ಹಿಡಿದು ವಾಂತಿ ಮಾಡಿಕೊಂಡ. ಉಳಿದ ದಾರಿ ಜಯಾ ಡ್ರೈವ್ ಮಾಡಿದಳು.

ಈಗ ವೀರಣ್ಣ ಬೆಳಗಾದರೆ ಪೊವೇಯ ಆಫೀಸಿಗೆ ಹೋಗುತ್ತಾನೆ, ಬಂದು ಊಟ ಮಾಡುತ್ತಾನೆ, ನನ್ನ ಕಡೆ ನೋಡುವುದಿಲ್ಲ. ಪಕ್ಕದ ಬೀದಿಯ ಮೈಸೂರಿನ ಡಾಕ್ಟರ್ ಇಂದುಶೇಖರರು ಹೊಲಿಗೆ ಬಿಚ್ಚಲು ಬಂದವರು, ಹೇಗೆ ಬಿದ್ದಿರಿ ಅಂಕಲ್ ಎಂದು ಕೇಳಿದರು. ಹೇಳಿದೆ. ಆಮೇಲೆ ಕೆಲಸ ಮುಗಿಸಿ, ಕಾಫಿ ಕುಡಿಯದೆ ಹೋದರು. ನಿರುಪಮಾ ಮಾತ್ರ ಮೊನ್ನೆ ಬಂದು ಎದುರಿಗೆ ಕೂತು, "ವಾಟ್ ವಾಸ್ ಶೇಖಪ್ಪಾಸ್ ವಾಯ್ಸ್ ಲೈಕ್?" ಎಂದು ಕೇಳಿದಳು. ಅವನ ದನಿ ಹೇಗಿತ್ತು ಎಂದು ಈ ನಲವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹೇಳುತ್ತ ಅತ್ತುಬಿಟ್ಟೆ. ಅವಳು ನನ್ನನ್ನು ಮುಟ್ಟಲಿಲ್ಲ, ಎದ್ದೂ ಹೋಗಲಿಲ್ಲ.

ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿಸಿಕೋ. ಕೂಸಿನ ಹಣೆಗೆ ನನ್ನ ಪರವಾಗಿ ವಿಭೂತಿ ಇಡಬೇಕೋ ಬೇಡವೋ, ಅದನ್ನು ನಿನಗೇ ಬಿಟ್ಟಿದ್ದೇನೆ. ಶಾರದವ್ವಗೆ, ಅಳಿಯಂದಿರಿಗೆ ನನ್ನ ಶರಣಾರ್ಥಿ. ಎಲ್ಲರನ್ನೂ ಬಸವಣ್ಣ ಚೆನ್ನಾಗಿಟ್ಟಿರಲಿ.

ನಿನ್ನ
ದಾನಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ಲುಸಿಯೆಂನ ಹೆಂಡತಿ ಬದುಕಿದ್ದಾಳೆ, ಎಪ್ಪತ್ತು ವರ್ಷ. ಪೊಲೀಸರಿಂದ ನನ್ನ ವಿಳಾಸ ಪಡೆದು ಅವಳು ಬರೆದ ಕಾಗದ ನಿನ್ನೆ ಬಂತು, ನಾಲ್ಕೇ ಸಾಲು. ಕ್ಷಮೆ ಕೇಳುವುದು ಬೇಡವಂತೆ. ತನ್ನ ಮನೆಗೆ ಬಂದು, ತಾನು ಕೇಳಿದ್ದಕ್ಕೆಲ್ಲ ಎದುರಿಗೆ ಕೂತು ಉತ್ತರ ಕೊಡಬೇಕಂತೆ, ತನಗೆ ಸಾಕೆನಿಸುವವರೆಗೆ. ಹದಿನೆಂಟರಂದು ಲಾಸ್ ಏಂಜಲೀಸಿನಿಂದ ಹೊರಡುತ್ತೇನೆ. ಮಾತು ತಿಳಿಸಲು ನಿರುಪಮಾ ಬರುತ್ತೇನೆಂದಿದ್ದಾಳೆ, ಜಯಾ ಒಪ್ಪಿದ್ದಾಳೆ. ಅಲ್ಲಿಂದ ಹಿಂದಿರುಗಿದ ಮೇಲೆ ನೀನು ಇರುವ ಮನೆಗೆ ನಾನು ಬರಬಹುದೋ ಬಾರದೋ, ತಂತಿ ಕೊಡು. ಕಾರಣ ಬರೆಯಬೇಕಾಗಿಲ್ಲ. 'ಬಾ' ಅಥವಾ 'ಬ್ಯಾಡ', ಒಂದು ಶಬ್ದ ಸಾಕು. ಎರಡರಲ್ಲಿ ಯಾವುದು ಬಂದರೂ ನೀನು ಹೇಳಿದ್ದೇ ನ್ಯಾಯ ಎಂದು ತಿಳಿಯುತ್ತೇನೆ.