ವಂದನಾರ್ಪಣೆಗೆ ಮುಂಚಿನ ವಾಕ್ಯ

ಫೆಬ್ರವರಿ ೩೦, ೨೨೧೪

ಪ್ರೊ. ಶ್ರೀಕರ ಹೊಳ್ಳ ಅವರಿಗೆ,
ಸಂಯೋಜಕರು, ಅಂತಾರಾಷ್ಟ್ರೀಯ ಮತ್ತು ಪ್ರಾದೇಶಿಕ ಅಧ್ಯಯನ ಸಾರ್ವಜನಿಕ ಉಪನ್ಯಾಸ ಮಾಲೆ.

ಈ ದಿನಾಂಕ ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನಮ್ಮದರಲ್ಲಿದೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣಗಳಿಂದ ಕಲಿತೆ. ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನನ್ನ ಕ್ಷಮಾಪಣೆ ಇಷ್ಟಕ್ಕೇ.

ನಾನು ತೇಲುಗೇರಿಯವಳು. ಕಾರವಾರದಿಂದ ಪಶ್ಚಿಮಕ್ಕೆ, ನಡುಗಡಲಿನಲ್ಲಿ, ಎಂಬತ್ತನಾಲ್ಕು ದೋಣಿಮನೆಗಳನ್ನು ಹಗ್ಗದಿಂದ ಬೆಸೆದು ಲಂಗರು ಹಾಕಿದ ಊರಿಗೆ ಆ ಹೆಸರು. ಅರ್ಧ ಮನೆಗಳು ಕರಾವಳಿಯವರವು, ಅರ್ಧ ಗಡಿಯಾಚೆಯ ದ್ವೀಪದವರವು. ಎಲ್ಲರ ಬಟ್ಟೆ ಒಂದೇ ಹಗ್ಗದ ಮೇಲೆ ಒಣಗುತ್ತದೆ. ಬೆಳಿಗ್ಗೆ ಯಾರ ಒಲೆ ಮೊದಲು ಹೊತ್ತುತ್ತದೆಯೋ ಮಕ್ಕಳೆಲ್ಲ ಅಲ್ಲಿಯೇ ಗಂಜಿ ಕುಡಿಯುತ್ತಾರೆ. ಕಡಲ್ಗಡಿ ಮಂಡಳಿ, ಎಂದರೆ ನೀರಿನ ಮೇಲೆ ಗೆರೆ ಎಳೆಯುವ ಕಚೇರಿ, ಈ ಊರನ್ನು ಎರಡು ಹೋಳು ಮಾಡಿ ಎರಡು ದಿಕ್ಕಿಗೆ ಎಳೆದೊಯ್ಯಲು ಆದೇಶಿಸಿದೆ. ಇಲ್ಲಿ ಹಿಂದೆ ಯಾರೂ ತಂಗಿರಲಿಲ್ಲವಂತೆ. ಅದಕ್ಕೆ ಆಧಾರ ನಿಮ್ಮ ಮಾಲೆಯ ಏಳನೆಯ ಉಪನ್ಯಾಸ. ಅತಿಥಿ ವಿದ್ವಾಂಸರು ನಕ್ಷೆಯ ಮೇಲೆ ಕೋಲಿಟ್ಟು ಇದು ಖಾಲಿ ಸಮುದ್ರ ಎಂದರು; ತುಂಬಿದ ಸಭೆಯಲ್ಲಿ ಯಾರೂ ಆಕ್ಷೇಪಿಸಲಿಲ್ಲ ಎಂದು ಮಂಡಳಿ ಬರೆದಿದೆ.

ಆಕ್ಷೇಪ ಬಂದಿತ್ತು. ಆ ಧ್ವನಿಮುದ್ರಣವನ್ನು ನಾನು ನಲವತ್ತು ಸಲ ಕೇಳಿದ್ದೇನೆ. ಅತಿಥಿಗಳ ಪರಿಚಯಕ್ಕೆ ಇಪ್ಪತ್ತೆರಡು ನಿಮಿಷ ಹೋಯಿತು, ಉಪನ್ಯಾಸಕ್ಕೆ ಎರಡು ಗಂಟೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ತನ್ನ ಹೆಸರು ದೇವಯಾನಿ ತಾಂಡೇಲ ಎಂದರು. ಅವರ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: "ಸರ್, ಅದು ಖಾಲಿ ಇಲ್ಲ. ಗಾಳಿ ಎದ್ರೆ ನಾವೂ ದ್ವೀಪದವ್ರೂ ಅಲ್ಲೇ ಲಂಗರು ಹಾಕೂದು, ನಮ್ಮ ಅಜ್ಜನ ಕಾಲ್ದಿಂದ. ಆ ಜಾಗ ಎಲ್ಲಿ ಬರ್ತದೆ ಅಂದ್ರೆ..."

ನೀವು ಹೇಳಿದಿರಿ: "ಅಮ್ಮಾ, ಸಮಯದ ಅಭಾವ. ಚಹಾ ಕುಡೀತಾ ಮಾತಾಡೋಣ." ಸಭೆ ನಕ್ಕಿತು. ಆಕೆಯ ಮೈಕು ಟಕ್ ಎಂದು ಆರಿತು.

ಆಮೇಲೆ ಸಮಯ ಎಲ್ಲಿಂದ ಬಂತು, ಹೊಳ್ಳರೇ? ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಫೋಟೊ ಸರಿ ಬರಲಿಲ್ಲವೆಂದು ಅದೇ ಶಾಲನ್ನು ಎರಡನೆಯ ಸಲ ಹೊದಿಸಿದಿರಿ. ಹದಿನಾಲ್ಕು ನಿಮಿಷ. ವಂದನಾರ್ಪಣೆಯಲ್ಲಿ ಮೈಕಿನ ವ್ಯವಸ್ಥೆ ಮಾಡಿದವರಿಗೂ ಕೃತಜ್ಞತೆ ಸಂದಿತು.

ಚಹಾದ ಹೊತ್ತಿನಲ್ಲಿ ಆಕೆ ಆ ಜಾಗ ಎಲ್ಲಿದೆಯೆಂದು ನಿಮಗೆ ಹೇಳಿರಬಹುದು. ನೀವು ಬಿಸ್ಕತ್ತು ಹಿಡಿದು ತಲೆಯಾಡಿಸಿರಬಹುದು. ನಮಗೆ ತಿಳಿಯದು, ಅಷ್ಟರಲ್ಲಿ ಧ್ವನಿಮುದ್ರಣ ಯಂತ್ರ ನಿಂತಿತ್ತು. ಅರ್ಧ ವಾಕ್ಯವನ್ನು ಮಂಡಳಿ ಸಾಕ್ಷಿಯೆಂದು ಒಪ್ಪುವುದಿಲ್ಲ. ನೆರೆಹೊರೆಯ ದೇಶಗಳನ್ನು ಅರಿಯುವುದಕ್ಕೇ ಏರ್ಪಡಿಸಿದ ಸಭೆಯಲ್ಲಿ ಆ ನೆರೆಹೊರೆಯಲ್ಲಿ ಬಾಳಿದವರು ಒಬ್ಬರೇ ಇದ್ದರು. ಅವರನ್ನೇ ಕೂರಿಸಿದಿರಿ.

ನಾಡಿದ್ದು ನಮ್ಮ ಹಗ್ಗಗಳನ್ನು ಕಡಿಯುತ್ತಾರೆ. ನನ್ನ ತಾಯಿ ದ್ವೀಪದವಳು, ತಂದೆ ಕರಾವಳಿಯವನು. ನಾನು ಯಾವ ಅರ್ಧಕ್ಕೆ ಸೇರಿದವಳೆಂದು ಅಧಿಕಾರಿ ಕೇಳಿಹೋಗಿದ್ದಾನೆ.

ಈ ಕಾಗದ ಏಳನೆಯ ಉಪನ್ಯಾಸಕ್ಕೆ ಮೊದಲು ತಲುಪಿದರೆ ನನ್ನ ಕೋರಿಕೆ ಒಂದೇ. ಶಾಲು ಮಡಿಸಿದಂತೆಯೇ ಇರಲಿ. ಚಹಾ ಆರಲಿ. ಮೈಕನ್ನು ಹಿಂದಿನ ಸಾಲಿಗೆ ನೀವೇ ಒಯ್ದು ಕೊಡಿ, ಆಕೆ ವಾಕ್ಯ ಮುಗಿಸುವ ತನಕ ಪಕ್ಕದಲ್ಲಿ ನಿಂತಿರಿ.

ರುಕಿಯಾ ಹರಿಕಂತ್ರ
ಮನೆ ೧೭, ತೇಲುಗೇರಿ